ಹೆದರಿಕಿ ಕಾಮಿಕ್ಸ್ ಹತ್ತು ಮಂದಿ ಕೂಡಿ ಓದೋದು ಹ್ಯಾಂಗ್ರಿ?

ತೊಗರಿ_ಕಣಜ (ಕಲಬುರಗಿ)
ಎಲ್ಲರಿಗೂ ಶರಣು. ಒಂದು ಪೇಚಿಗೆ ಬಿದ್ದೀನಿ, ದಾರಿ ಹೇಳ್ರಿ.

ನಮ್ಮದು ಹನ್ನೊಂದು ಮಂದಿದು ಸಣ್ಣ ಓದೋ ಗುಂಪು. ತಿಂಗಳಿಗಿ ಎರಡು ಐತ್ವಾರ ಕೂಡ್ತೀವಿ. ಬ್ಯಾಸಗಿ ಇದ್ರ ಯಾರದರ ಮಾಳಗಿ ಮ್ಯಾಲ, ಇಲ್ಲಾಂದ್ರ ಪಬ್ಲಿಕ್ ಗಾರ್ಡನ್‌ದಾಗ. ಮೂರು ವರ್ಷ ಕಾದಂಬರಿ, ವಚನ, ಆತ್ಮಕಥಿ ಅಂತ ಓದಿದ್ವಿ. ಈ ಸಲ ಏನರ ಬ್ಯಾರೆ ಮಾಡಾಮ್ ಅಂತ ನಾನೇ ಬಾಯಿ ತೆಗೆದೆ. ಹೈದರಾಬಾದಿನ ಅಬಿಡ್ಸ್ ಫುಟ್‌ಪಾತಿನಾಗ ಐತ್ವಾರ ಹಳೇ ಪುಸ್ತಕದ ರಾಶಿ ಹಾಕ್ತಾರಲ್ಲ, ಅಲ್ಲಿ ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ದು ಒಂದು ದಪ್ಪ ಸಂಪುಟ ಸಿಕ್ಕಿತ್ತು. ಅಮೆರಿಕದ ಹಳೇ ಹೆದರಿಕಿ ಕಾಮಿಕ್ಸು, ಕ್ರಿಪ್ಟ್ ಅಂದ್ರ ನೆಲದೊಳಗಿನ ಗೋರಿ ಕೋಣಿ. ಇದನ್ನೇ ಓದಾಮ್ ಅಂದೆ, ಎಲ್ಲರೂ ಹೂಂ ಅಂದ್ರು.

ಈಗ ಐದು ಸಲ ಕೂಡೀವಿ. ಹನ್ನೊಂದು ಇದ್ದವರು ಆರಾಗ್ಯಾರ. ಪುಸ್ತಕ ಒಂದೇ. ಕೈಯಾಗ ಬಂದ ಕೂಡ್ಲೇ ಮೊದಲು ಕಡೀ ಪುಟಕ್ಕ ಹಾರ್ತಾರ, ಹೆಣ ಎದ್ದಿದ್ದು ನೋಡಿ ನಗ್ತಾರ, ಆಮ್ಯಾಲ ಪಕ್ಕದವರಿಗಿ ಕೊಡ್ತಾರ. ಕಥಿ ಅಲ್ಲಿಗೇ ಖಲಾಸ್. ಕನ್ನಡ ಮೀಡಿಯಂ ಓದಿದ ಇಬ್ಬರು ಅಕ್ಕೋರು ಸುಮ್ಕ ಕುಂದ್ರತಾರ, ಯಾಕಂದ್ರ ಒಂದೊಂದು ಚೌಕದಾಗ ಅರ್ಧ ಜಾಗ ಇಂಗ್ಲಿಷ್ ಅಕ್ಷರಾನೇ ತುಂಬ್ಯಾವ. ಮತ್ತ ನಮ್ಮ ಹಿರಿಯರೊಬ್ಬರು ‘ಇದು ಓದೋದಲ್ಲಪಾ, ಚಿತ್ರ ನೋಡೋದು’ ಅಂದು ಚಪ್ಪಲಿ ಹಾಕ್ಕೊಂಡು ಹೋದ್ರು.

ಬಿಟ್ಟುಬಿಡ್ಲಾ, ಮುಂದುವರಸ್ಲಾ?

ವಾಡಿ_ಜಂಕ್ಷನ್
ಟೀವಿದಾಗ ಬರ್ತಿತ್ತಲ್ಲ, ಒಂದು ಒಣಗಿದ ಗೊಂಬಿ ಪೆಟಗಿಯಿಂದ ಎದ್ದು ಹಿ ಹಿ ಹಿ ಅಂತಿತ್ತು, ಅದೇ ಏನ್ರಿ?

ತೊಗರಿ_ಕಣಜ
ಅದೇ ರಿ. ಆದ್ರ ಆ ಧಾರಾವಾಹಿ 1989ರಿಂದ 1996ರ ತನಕದ್ದು. ಕಾಮಿಕ್ಸು ಅದರ ಅಜ್ಜ.

ಹಳೇ_ರದ್ದಿ (ಬೀದರ)
ಅಜ್ಜನ ಜಾತಕ ನಾ ಹೇಳ್ತೀನಿ, ಇದು ನನ್ನ ಹುಚ್ಚು.

ಪ್ರಕಾಶನದ ಹೆಸರು ಇಸಿ. ಸುರು ಮಾಡಿದ ಮ್ಯಾಕ್ಸ್ ಗೇನ್ಸ್‌ಗೆ ಅದು ‘ಎಜುಕೇಶನಲ್ ಕಾಮಿಕ್ಸ್’. ಬೈಬಲ್ ಕಥಿ ಚಿತ್ರದಾಗ ಹಾಕಿ ಮಾರೋ ಸಂಭಾವಿತ ಅಂಗಡಿ. 1947ರಾಗ ದೋಣಿ ಅಪಘಾತದಾಗ ಅವ ಹೋದ. ಮಗ ವಿಲಿಯಂ ಗೇನ್ಸ್ ರಸಾಯನಶಾಸ್ತ್ರದ ಮಾಸ್ತರ ಆಗಾಕ ಹೊಂಟಿದ್ದ, ತಲೀ ಮ್ಯಾಲ ಅಂಗಡಿ ಬಿತ್ತು. ಅಲ್ ಫೆಲ್ಡ್‌ಸ್ಟೀನ್ ಅನ್ನೋನು ಬಂದು ಸೇರಿದ ಮ್ಯಾಲ ಇಬ್ಬರೂ ಕೂಡಿ ಹೆದರಿಕಿ ಕಥಿಗೆ ಕೈ ಹಾಕಿದ್ರು. ಹೆಸರಿನ ‘ಇ’ ಅಷ್ಟೇ ಉಳೀತು, ಎಜುಕೇಶನಲ್ ಹೋಗಿ ‘ಎಂಟರ್‌ಟೇನಿಂಗ್’ ಆಯ್ತು.

1950ರ ಏಪ್ರಿಲ್–ಮೇದಾಗ ಮೊದಲ ಸಂಚಿಕಿ. ಆದ್ರ ಅದರ ನಂಬರು 1 ಅಲ್ಲ, 17! ಹೊಸಾ ಹೆಸರಿಗೆ ಅಂಚೆ ಇಲಾಖೆದಾಗ ಹೊಸಾ ಪರವಾನಗಿ ರೊಕ್ಕ ಕಟ್ಟಬೇಕು. ಅದನ್ನು ಉಳಸಾಕ ಹಳೇ ಕ್ರೈಮ್ ಪತ್ರಿಕಿ ನಂಬರನ್ನೇ ಮುಂದುವರಿಸಿದ್ರು. ಮೊದಲ ಮೂರು ಸಂಚಿಕಿ ‘ದ ಕ್ರಿಪ್ಟ್ ಆಫ್ ಟೆರರ್’ ಅಂತ, 20ರಿಂದ ಈಗಿನ ಹೆಸರು. 46ಕ್ಕೆ ನಿಂತದ್ದು 1955ರ ಫೆಬ್ರವರಿ–ಮಾರ್ಚ್. ಅಂದ್ರ ಒಟ್ಟು 30 ಸಂಚಿಕಿ, ಎರಡು ತಿಂಗಳಿಗೊಂದು, ಬೆಲೆ ಹತ್ತು ಸೆಂಟ್. ಒಂದರಾಗ ಸಾಮಾನ್ಯ ನಾಲ್ಕು ಕಥಿ.

ವಾಡಿ_ಜಂಕ್ಷನ್
ಅಂಚೆ ರೊಕ್ಕ ಉಳಸಾಕ ನಂಬರ್ ಬದಲಾಯಿಸಲಿಲ್ಲಾ? ಇವ ನಮ್ಮ ಕಿರಾಣಾ ಬಜಾರದವ ಇರಬೇಕು.

ಹಳೇ_ರದ್ದಿ
ಇನ್ನೂ ಅದ ಕೇಳ್ರಿ. ನಡುವ ಎರಡು ಪುಟ ಚಿತ್ರ ಇಲ್ಲದ ಬರೇ ಅಕ್ಷರದ ಕಥಿ ಇರ್ತದಲ್ಲ, ಯಾರೂ ಓದಂಗಿಲ್ಲ. ಅದೂ ಅಂಚೆ ರಿಯಾಯಿತಿ ಸಲುವಾಗೇ. ಬರೇ ಚಿತ್ರ ಇದ್ರ ಪತ್ರಿಕಿ ಅಂತ ಒಪ್ಪತಿರಲಿಲ್ಲ.

ಅಮಾಸಿ_ಟೀಚರ್ (ಯಾದಗಿರಿ)
ನಾನೂ ಒಂದಿಷ್ಟು ಓದೀನಿ, ತಮ್ಮನ ಕಡೆಯಿಂದ ಇಸ್ಕೊಂಡು. ಒಂದು ಮಾತು ಸಿಟ್ಟಿಗೆ ಬರದೆ ಕೇಳ್ರಿ. ಎರಡು ಕಥಿಗೊಂದು ಕಥಿದಾಗ ಗಂಡ ಹೆಂಡತಿನ್ನ ಕೊಲ್ತಾನ ಇಲ್ಲಾ ಹೆಂಡತಿ ಗಂಡನ್ನ ಕೊಲ್ತಾಳ. ಸತ್ತವರು ಮಣ್ಣು ಝಾಡಿಸ್ಕೊಂಡು ಎದ್ದು ಬರ್ತಾರ. ಹೆಂಗಸು ಒಂದೋ ಕೆಂಪು ತುಟಿ ಹಚ್ಚಿದ ಮೋಸಗಾರ್ತಿ, ಇಲ್ಲಾ ಕಿರಚೋ ಬಡಪಾಯಿ. ನಿಮ್ಮ ಗುಂಪಿನ ಆ ಇಬ್ಬರು ಅಕ್ಕೋರು ಇಂಗ್ಲಿಷ್ ಬರಂಗಿಲ್ಲ ಅಂತ ಸುಮ್ಕ ಕುಂತಾರೋ, ಬ್ಯಾಸರಾಗಿ ಕುಂತಾರೋ, ಕೇಳೀರೇನು?

ತೊಗರಿ_ಕಣಜ
ಕೇಳಿಲ್ರಿ ಟೀಚರ್. ಖರೆ ಹೇಳ್ಬೇಕಂದ್ರ ಅದು ತಲೀಗೇ ಬರಲಿಲ್ಲ.

ಬೆನ್ನ_ಮ್ಯಾಲಿನ_ಬೇತಾಳ
ಟೀಚರ್ ಮಾತು ಅರ್ಧ ಖರೆ. ಆದ್ರ ಎಲ್ಲಾ ಕಥಿ ಗಂಡ-ಹೆಂಡ್ತಿ ಜಗಳ ಅಲ್ರಿ. 32ನೇ ಸಂಚಿಕಿದಾಗ ಒಂದು ಕಟುಕನ ಕಥಿ ಅದ, ಜಾಕ್ ಡೇವಿಸ್ ಚಿತ್ರ. ರೇಷನ್ ಕಾಲ, ಮಾಂಸ ಸಿಗಂಗಿಲ್ಲ, ಇವ ಕೆಟ್ಟ ಮಾಂಸ ಮಾರಿ ರೊಕ್ಕ ಮಾಡ್ತಾನ. ಅದೇ ಮಾಂಸ ತಿಂದು ಅವನ ಮಗನೇ ಸಾಯ್ತಾನ. ಮುಂದ ಅವನ ಹೆಂಡತಿ ಅಂಗಡಿ ಗಾಜಿನ ಕಪಾಟಿನಾಗ ಏನಿಡ್ತಾಳ ಅನ್ನೋದು ನಾ ಹೇಳಂಗಿಲ್ಲ. ಮಾಡಿದ್ದುಣ್ಣೋ ಮಹರಾಯ, ಅಷ್ಟೇ. ಇಸಿ ಕಾಮಿಕ್ಸ್ ಪೂರಾ ಈ ಒಂದು ಗಾದಿ ಮ್ಯಾಲ ನಿಂತದ.

ಕಡೀ_ಬೆಂಚು
ಹೇಳಂಗಿಲ್ಲ ಅಂತ ಎಲ್ಲಾ ಹೇಳಿದ್ರಲ್ಲಾ ಅಣ್ಣೋರೆ.

ಬೆನ್ನ_ಮ್ಯಾಲಿನ_ಬೇತಾಳ
ಎಪ್ಪತ್ತು ವರ್ಷದ ಹಿಂದಿನ ಕಥಿಗಿ ಏನು ಗುಟ್ಟು ಮಾರಾಯ. ನಾಳೆ ರಾವಣ ಸಾಯ್ತಾನ ಅಂದ್ರೂ ಬಯ್ತೀ.

ಅಸಲಿ ಮಾತಿಗೆ ಬರ್ತೀನಿ. ತೊಗರಿ ಅವ್ರೆ, ಈ ಕಥಿ ಹ್ಯಾಂಗ ಓದಬೇಕು ಅಂತ ನಮಗ ಸಣ್ಣಂದಿನಿಂದ ಗೊತ್ತದ. ಈ ಕಾಮಿಕ್ಸಿನಾಗ ಕಥಿ ಹೇಳೋ ಕ್ರಿಪ್ಟ್ ಕೀಪರ್ ಯಾರು? ಕಥಿ ಸುರುವಿಗಿ ಬಂದು ‘ಬರ್ರಿ ಕುಂದ್ರಿ’ ಅಂತಾನ, ಕಡೀಗಿ ಬಂದು ನಗ್ತಾನ. ನಮ್ಮ ಬೇತಾಳ ಮಾಡೋದೂ ಅದೇ ಅಲ್ಲೇನು? ಚಂದಮಾಮ ನೆನಪ ಮಾಡ್ಕೋರಿ. ಶಂಕರ್ ಅವರ ಆ ಚಿತ್ರ: ಬಿಚ್ಚುಗತ್ತಿ ಹಿಡಿದ ರಾಜ, ಹೆಗಲ ಮ್ಯಾಲ ಜೋಲು ಬಿದ್ದ ಹೆಣ, ಸುತ್ತ ಬುರುಡಿ. ನಾ ಮೂರನೇತ್ತ ಇದ್ದಾಗ ಆ ಪುಟಕ್ಕ ಒಂದು ರಟ್ಟು ಅಂಟಿಸಿ ಇಟ್ಟಿದ್ದೆ, ಕಣ್ಣಿಗಿ ಬೀಳಬಾರದು ಅಂತ. ಆದ್ರ ಕಥಿ ಬಿಡ್ತಿರಲಿಲ್ಲ. ನಮ್ಮಜ್ಜಿಗಿ ಅಕ್ಷರ ಬರ್ತಿರಲಿಲ್ಲ, ನಾ ಓದ್ತಿದ್ದೆ ಆಕಿ ಕೇಳ್ತಿದ್ದಳು. ಬೇತಾಳ ಪ್ರಶ್ನಿ ಕೇಳಿದ ಕೂಡ್ಲೇ ‘ನಿಲ್ಲು, ನಾ ಹೇಳ್ತೀನಿ’ ಅಂತಿದ್ದಳು.

ನೀವೂ ಹಂಗೇ ಮಾಡ್ರಿ. ಒಬ್ಬರು ಓದ್ರಿ, ಉಳಿದವರು ಕೇಳ್ರಿ. ನಮ್ಮ ಮಾತಿನಾಗ.

ಕಡೀ_ಬೆಂಚು
ಬೇತಾಳಕ್ಕೂ ಇವಗೂ ಹೋಲಿಸಬ್ಯಾಡ್ರಿ. ಬೇತಾಳ ಕೇಳೋದು ನ್ಯಾಯದ ಪ್ರಶ್ನಿ. ಗೊತ್ತಿದ್ದೂ ಸುಮ್ಕಿದ್ರ ತಲೀ ಸಾವಿರ ಹೋಳು, ಮಾತಾಡಿದ್ರ ಮೌನ ಮುರೀತು, ಮತ್ತ ಗಿಡಕ್ಕ ಹಾರ್ತದ. ಎರಡೂ ಕಡೆ ಸಿಕ್ಕೊಂಡಾನ ರಾಜ. ಅದು ಕಟ್ಟೋಣ! ಈ ಕೀಪರ್ ಏನು ಕೇಳ್ತಾನ? ಬರೇ ಕೆಟ್ಟ ಜೋಕು ಹೊಡೀತಾನ.

ಬೆನ್ನ_ಮ್ಯಾಲಿನ_ಬೇತಾಳ
ಆ ಕೆಟ್ಟ ಜೋಕೇ ಜೀವಾಳ. ಹೆಣ ನೋಡಿ ಅಂಜಿದವಗ ಉಸಿರು ಬಿಡಾಕ ಒಂದು ಕಿಂಡಿ ಬೇಕಲ್ಲ.

ಕಡೀ_ಬೆಂಚು
ಕಿಂಡಿ ಅಲ್ಲ, ಕಚಗುಳಿ. ಬೇತಾಳ ಕೇಳೋನ ಬುದ್ಧಿಗಿ ಮರ್ಯಾದಿ ಕೊಡ್ತಾನ, ಕೀಪರ್ ಅವನ್ನ ನೋಡಿ ನಗ್ತಾನ. ನಾ ಇದನ್ನ ಬಿಡಂಗಿಲ್ಲ.

ಮಲ್ಲೇಶ್ವರಂ_ಮೂರನೇ_ಕ್ರಾಸ್
ಬೆಂಗಳೂರಿನಿಂದ ಒಂದು ಸಲಹೆ. ಪುಟಗಳನ್ನು ಸ್ಕ್ಯಾನ್ ಮಾಡಿ ಪ್ರೊಜೆಕ್ಟರ್‌ನಲ್ಲಿ ಗೋಡೆಗೆ ಹಾಕಿ. ಒಂದೊಂದೇ ಚೌಕ ತೋರಿಸಿದರೆ ಕೊನೆಯ ಪುಟಕ್ಕೆ ಯಾರೂ ಹಾರುವುದಿಲ್ಲ. ನಮ್ಮ ಗುಂಪಿನಲ್ಲಿ ಹೀಗೇ ಮಾಡುತ್ತೇವೆ. ಎಲ್ಲರ ಮೊಬೈಲಿಗೂ ಪಿಡಿಎಫ್ ಕಳಿಸಿದರೆ ಇನ್ನೂ ಸುಲಭ.

ಕರೀ_ಕೋಟು (ಕಲಬುರಗಿ)
ಪಿಡಿಎಫ್ ಹಂಚೋ ಮಾತು ಇಲ್ಲಿ ಬ್ಯಾಡ್ರಿ. ಆ ಕಥಿಗಳು ಇನ್ನೂ ಕಾಪಿರೈಟ್ ಒಳಗವ. ಮನಿ ಮಾಳಗಿ ಮ್ಯಾಲ ಐದಾರು ಮಂದಿಗಿ ಓದಿ ಹೇಳೋದು ಬ್ಯಾರೆ, ಫೈಲ್ ಮಾಡಿ ಊರೆಲ್ಲಾ ಕಳಸೋದು ಬ್ಯಾರೆ.

ಮಲ್ಲೇಶ್ವರಂ_ಮೂರನೇ_ಕ್ರಾಸ್
ಸರಿ ಸರ್, ಪ್ರೊಜೆಕ್ಟರ್ ಮಾತ್ರ ಇಟ್ಟುಕೊಳ್ಳಿ.

ವಾಡಿ_ಜಂಕ್ಷನ್
ಏಪ್ರಿಲ್ ತಿಂಗಳ ಸಂಜಿಕಿ ಮಾಳಗಿ ಮ್ಯಾಲ ಪ್ರೊಜೆಕ್ಟರ್ ಹಚ್ಚಿ ನೋಡ್ರಿ. ಅದರ ಫ್ಯಾನಿನ ಬಿಸಿಗಾಳಿಗಿ ಕಾಲು ತಗುಲಿದ್ರ ಅದೇ ಹೆದರಿಕಿ ಕಥಿ. ಮತ್ತ ಕರೆಂಟು?

ತೊಗರಿ_ಕಣಜ
ಮೂರನೇ ಸಲ ಕೂಡಿದಾಗ ಕರೆಂಟ್ ಹೋಗಿತ್ತು. ಯಾರೂ ಅಂಜಲಿಲ್ಲ. ನಮ್ಮೂರಾಗ ಅದಕ್ಕ ಯಾರು ಅಂಜ್ತಾರ, ‘ಇನ್ವರ್ಟರ್ ಅದೇನ್ರಿ’ ಅಂದ್ರು ಅಷ್ಟೇ.

ಸೇಡಂ_ರೋಡ್
ಇಂಥಾ ರಕ್ತದ ಕಾಮಿಕ್ಸ್ ಅಮೆರಿಕಾ ಸರ್ಕಾರನೇ ಬ್ಯಾನ್ ಮಾಡಿತ್ತಲ್ಲ? ಅಲ್ಲಿ ಬ್ಯಾಡಾಗಿದ್ದು ಇಲ್ಲಿ ಕುಂತು ಓದಬೇಕೇನು? ಮನಿದಾಗ ಸಣ್ಣ ಹುಡುಗ್ರು ಇರ್ತಾರ. ನನ್ನ ಪಾರಗೋಳು ಕೈಗಿ ಸಿಕ್ಕರ ರಾತ್ರಿ ಮಲಗಂಗಿಲ್ಲ.

ಹಳೇ_ರದ್ದಿ
ಸರ್ಕಾರ ಬ್ಯಾನ್ ಮಾಡಲೇ ಇಲ್ರಿ. ಎಲ್ಲರೂ ಇದೇ ತಪ್ಪು ಹೇಳ್ತಾರ.

ಆಗಿದ್ದು ಏನಂದ್ರ: ಫ್ರೆಡ್ರಿಕ್ ವರ್ಥಮ್ ಅಂತ ಮನೋವೈದ್ಯ. 1954ರಾಗ ಪುಸ್ತಕ ಬರದು, ಹುಡುಗ್ರು ಕೆಡಾಕ ಕಾಮಿಕ್ಸೇ ಕಾರಣ ಅಂದ. ಅದೇ ವರ್ಷ ಏಪ್ರಿಲ್ 21ಕ್ಕ ನ್ಯೂಯಾರ್ಕಿನಾಗ ಸೆನೆಟ್ ಉಪಸಮಿತಿ ವಿಚಾರಣಿ. ಗೇನ್ಸ್ ತಾನಾಗೇ ಹೋಗಿ ಸಾಕ್ಷಿ ಹೇಳಿದ. ಅವ ತೂಕ ಇಳಸಾಕ ಗುಳಿಗಿ ತಗೋತಿದ್ದ, ನಿದ್ದಿ ಬರ್ತಿರಲಿಲ್ಲ. ರಾತ್ರಿಪೂರ ಕಥಿ ಓದಿ ಮುಂಜಾನಿ ಫೆಲ್ಡ್‌ಸ್ಟೀನ್ ಮುಂದ ಎಳಿ ಬಿಚ್ಚೋದು ಅವನ ಪದ್ಧತಿ. ಆವತ್ತು ಕಟಕಟಿದಾಗ ಗುಳಿಗಿ ಅಮಲು ಇಳೀತು, ಮಾತು ಜಾರ್ತು.

ಸೆನೆಟರ್ ಕೆಫಾವರ್ ಒಂದು ಮುಖಪುಟ ಎತ್ತಿ ತೋರಿಸಿದ. ಒಂದು ಕೈಯಾಗ ಕೊಡ್ಲಿ, ಇನ್ನೊಂದು ಕೈಯಾಗ ಜುಟ್ಟು ಹಿಡಿದು ಹೆಣ್ಣಿನ ತಲಿ. ‘ಇದು ಸಭ್ಯ ಅಭಿರುಚಿ ಏನು?’ ಅಂದ. ಗೇನ್ಸ್ ‘ಹೌದು, ಹೆದರಿಕಿ ಕಾಮಿಕ್ಸಿನ ಮುಖಪುಟಕ್ಕ ಸಭ್ಯನೇ’ ಅಂದ. ತಲಿ ಇನ್ನೊಂದಿಷ್ಟು ಮ್ಯಾಲ ಹಿಡಿದು ಕುತ್ತಿಗಿಯಿಂದ ರಕ್ತ ಸೋರೋದು ತೋರಿಸಿದ್ರ ಅಸಭ್ಯ ಆಗ್ತಿತ್ತು ಅಂತ ವಿವರಣಿನೂ ಕೊಟ್ಟ. ಮರುದಿನ ಪತ್ರಿಕಿದಾಗ ಮಾನ ಹೋಯ್ತು.

ಸರ್ಕಾರ ಕಾಯ್ದಿ ಮಾಡಲಿಲ್ಲ. ಅಂಜಿದ ಪ್ರಕಾಶಕರೇ ಕೂಡಿ ಅಕ್ಟೋಬರಿನಾಗ ತಮಗ ತಾವೇ ಸಂಹಿತೆ ಬರಕೊಂಡ್ರು. ಹೆಸರಿನಾಗ ‘ಹಾರರ್’, ‘ಟೆರರ್’ ಇರಬಾರದು. ಎದ್ದ ಹೆಣ, ರಕ್ತ ಕುಡಿಯೋ ಭೂತ, ತೋಳದ ಮನುಷ್ಯ ಯಾವುದೂ ಇರಬಾರದು. ಇನ್ನೇನು ಉಳೀತು? ಅಂಗಡಿಗಿ ಹೋದ ಕಟ್ಟು ಬಿಚ್ಚದೇ ವಾಪಸ್ ಬರಾಕ ಹತ್ತಿದ್ವು. ಗೇನ್ಸ್ ಹೆದರಿಕಿ ಅಂಗಡಿ ಮುಚ್ಚಿ, ‘ಮ್ಯಾಡ್’ ಅನ್ನೋ ಚೇಷ್ಟಿ ಕಾಮಿಕ್ಸನ್ನ 1955ರಾಗ ಪತ್ರಿಕಿ ಮಾಡಿ ಬದುಕಿದ.

ಕರೀ_ಕೋಟು
ಅಮೆರಿಕಾ ಮಾಡಲಿಲ್ಲ, ನಾವು ಮಾಡೀವಿ! ಯಾರಿಗೂ ನೆನಪಿಲ್ಲ ಇದು. ಬ್ರಿಟನ್ 1955ರಾಗ ಇಂಥಾ ಕಾಮಿಕ್ಸ್ ವಿರುದ್ಧ ಕಾಯ್ದಿ ತಂತು. ಮರುವರ್ಷ ನಮ್ಮ ಸಂಸತ್ತು ‘ಯಂಗ್ ಪರ್ಸನ್ಸ್ (ಹಾರ್ಮ್‌ಫುಲ್ ಪಬ್ಲಿಕೇಶನ್ಸ್) ಆ್ಯಕ್ಟ್, 1956’ ಅಂತ ಮಾಡ್ತು. ಅಪರಾಧ, ಕ್ರೌರ್ಯ, ಅಸಹ್ಯ ಭಯಾನಕ ಘಟನಿಗಳನ್ನ ಎಳೆಯರ ಮನಸ್ಸು ಕೆಡೋ ಹಂಗ ಚಿತ್ರದಾಗೋ ಅಕ್ಷರದಾಗೋ ಹೇಳಿದ್ರ ಅಪರಾಧ. ಎಳೆಯರು ಅಂದ್ರ ಎಷ್ಟು ವಯಸ್ಸು ಗೊತ್ತೇನು? ಇಪ್ಪತ್ತರ ಒಳಗ.

ವಾಡಿ_ಜಂಕ್ಷನ್
ಹದಿನೆಂಟಕ್ಕ ವೋಟು ಹಾಕಬಹುದು, ದೆವ್ವದ ಕಾಮಿಕ್ಸಿಗಿ ಇಪ್ಪತ್ತು ಆಗಬೇಕಾ 😄

ಕರೀ_ಕೋಟು
ಆಗ ವೋಟಿಗೂ ಇಪ್ಪತ್ತೊಂದು ಇತ್ತು ತಮ್ಮಾ.

ಸೇಡಂ_ರೋಡ್
ಸರಿ, ಬ್ಯಾನ್ ಮಾತು ನನ್ನ ತಪ್ಪು. ಆದ್ರ ಆ ಡಾಕ್ಟರ್ ಹೇಳಿದ್ದರಾಗ ಏನೂ ಖರೆ ಇಲ್ಲಂತೀರೇನು?

ಅಮಾಸಿ_ಟೀಚರ್
ಆ ಡಾಕ್ಟರ್‌ನ ಬರೇ ಖಳನಾಯಕ ಮಾಡಬ್ಯಾಡ್ರಿ ಅಂತ ನಾನೂ ಅಂತೀನಿ. ಹಾರ್ಲೆಮ್‌ದಾಗ ಕರಿಯ ಬಡವರ ಸಲುವಾಗಿ ಕಡಿಮಿ ರೊಕ್ಕದ ಮನೋವೈದ್ಯ ದವಾಖಾನಿ ನಡಸಿದವ ಅವ. ಆದ್ರ ಕಾಮಿಕ್ಸ್ ವಿಷಯದಾಗ ಸೋತ. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ ಅವನ ಕಾಗದಪತ್ರ ತೆಗೆಸಿ ನೋಡಿ 2012ರಾಗ ಬರದಾರ: ಹುಡುಗ್ರ ಹೇಳಿಕಿ ತಿರುಚ್ಯಾನ, ಬೇಕಾದ್ದು ಇಟ್ಟು ಬ್ಯಾಡಾದ್ದು ಬಿಟ್ಟಾನ. ಸಾಲಿ ಮಕ್ಕಳ ಕೂಡ ಇಪ್ಪತ್ತು ವರ್ಷದಿಂದ ಇದ್ದೀನಿ. ಮಕ್ಕಳು ಏನು ಹೇಳ್ತಾರ ಅನ್ನೋದನ್ನ ದೊಡ್ಡವರು ತಮಗ ಬೇಕಾದ ಹಂಗ ಬರಕೊಳ್ಳೋದು ನಾ ದಿನಾ ನೋಡ್ತೀನಿ.

ಸೇಡಂ ಅಣ್ಣೋರೆ, ಮಕ್ಕಳ ಕೈಗಿ ಕೊಡಬ್ಯಾಡ್ರಿ, ಆಯ್ತು. ತೊಗರಿ ಅವರ ಗುಂಪಿನಾಗ ಇರೋರು ಮೊಮ್ಮಕ್ಕಳನ್ನ ಕಂಡೋರು.

ಮಳಖೇಡ_ಮೆಟ್ಟಿಲು
ತಡಾ ಆಗಿ ಬಂದೆ. ಕನ್ನಡದಾಗ ಹೆದರಿಕಿ ಕಥಿ ಹುಡುಕಾಕ ಚಂದಮಾಮದ ತನಕ ಯಾಕ, ಹತ್ತನೇ ಶತಮಾನಕ್ಕ ಹೋಗ್ರಿ. ವಡ್ಡಾರಾಧನೆ. ಸುಕುಮಾರಸ್ವಾಮಿ ಕಥಿ. ಹಿಂದಿನ ಜನ್ಮದಾಗ ಅತ್ತಿಗಿಗೆ ಕಾಲಿಲೆ ಒದ್ದಿರ್ತಾನ. ಆ ಕಾಲನ್ನೇ ತಿಂತೀನಿ ಅಂತ ಆಕಿ ನಿದಾನ (ಮುಂದಿನ ಜನ್ಮದ ಸಂಕಲ್ಪ) ಮಾಡಿ ಸಾಯ್ತಾಳ. ಜನ್ಮ ದಾಟಿ ನರಿಯಾಗಿ ಬರ್ತಾಳ, ಮರಿಗಳ ಕೂಡ. ಇವ ತಪಸ್ಸಿಗಿ ನಿಂತಾನ, ಅಲುಗಂಗಿಲ್ಲ. ಕಾಲಿನಿಂದ ಸುರು ಮಾಡ್ತಾವ.

ಇದರ ಮುಂದ ನಿಮ್ಮ ಜಾಕ್ ಡೇವಿಸ್ ಏನ್ರಿ? ಮಳಖೇಡದ ನೆಲದಾಗ ಸಾವಿರ ವರ್ಷದ ಹಿಂದೇ ಬರದಿಟ್ಟಾರ.

ಕಡೀ_ಬೆಂಚು
ರಾಷ್ಟ್ರಕೂಟರ ಕಾಲದ್ದು ಅನ್ರಿ, ಒಪ್ಪತೀನಿ. ಮಳಖೇಡದಾಗೇ ಕುಂತು ಬರದ್ರು ಅನ್ನಾಕ ಆಧಾರ ಎಲ್ಲದ? ಒಳ್ಳೇದೆಲ್ಲಾ ನಮ್ಮ ತಾಲೂಕಿನದು ಅನ್ನೋ ಚಾಳಿ ಬಿಡ್ರಿ. ಮತ್ತ ಅಲ್ಲಿ ಕಥಿ ಮುಗಿಯೋದು ನರಿ ಗೆದ್ದಿತು ಅಂತಲ್ಲ, ಅವ ಉಪಸರ್ಗ, ಅಂದ್ರ ತಪಸ್ಸಿನಾಗ ಬಂದ ಕಾಟ, ತಡಕೊಂಡು ಮ್ಯಾಲ ಹೋದ ಅಂತ. ಇಸಿದಾಗ ಯಾರೂ ಮ್ಯಾಲ ಹೋಗಂಗಿಲ್ಲ, ಎಲ್ಲರೂ ಕೆಳಗೇ.

ಮಳಖೇಡ_ಮೆಟ್ಟಿಲು
ಆಧಾರದ ಮಾತು ಬರಾಬರ್, ವಾಪಸ್ ತಗೊಂಡೆ. ಕಾಲು ತಿಂದದ್ದು ವಾಪಸ್ ತಗೋಳಂಗಿಲ್ಲ.

ಬೆನ್ನ_ಮ್ಯಾಲಿನ_ಬೇತಾಳ
‘ಎಲ್ಲರೂ ಕೆಳಗೇ.’ ಕಡೀ ಬೆಂಚಿನವರು ಮೊದಲ ಸಲ ಛಲೋ ಮಾತಾಡಿದ್ರು.

ಟೀ_ಸ್ಕ್ವೇರ್ (ಕಲಬುರಗಿ)
ನಾನು ನೀರಾವರಿ ಕಡೆ ಡ್ರಾಫ್ಟ್ಸ್‌ಮನ್ ಇದ್ದೆ, ರಿಟೈರ್ ಆಗಿ ಹನ್ನೆರಡು ವರ್ಷ. ಚಪ್ಪಲಿ ಹಾಕ್ಕೊಂಡು ಹೋದ ಆ ಹಿರಿಯ ನಾನೇ. ಮೊಮ್ಮಗ ಇದನ್ನ ತೋರಿಸಿದ, ಓದಿದೆ. ಪರವಾಗಿಲ್ಲ ತೊಗರಿ, ಖರೇನೇ ಬರದೀದಿ.

ಆವತ್ತು ನನಗ ಸಿಟ್ಟು ಬಂದದ್ದು ದೆವ್ವಕ್ಕಲ್ಲ. ಅಕ್ಷರಕ್ಕ. ಆ ಪುಸ್ತಕದ ಅಕ್ಷರ ಕೈಬರಹ ಅಲ್ಲ, ಮಶೀನೂ ಅಲ್ಲ. ನೋಡಿದ ಕೂಡ್ಲೇ ಗುರುತು ಹಿಡಿದೆ, ಲಿರಾಯ್ ಸೆಟ್. ನಮ್ಮ ಆಫೀಸಿನಾಗ ಇದ್ದದ್ದು. ಒಂದು ಪಟ್ಟಿ, ಅದರಾಗ ಅಕ್ಷರ ಕೊರದಿರ್ತಾವ. ಮೂರು ಕಾಲಿನ ಒಂದು ಉಪಕರಣ: ಒಂದು ಕಾಲು ಪಟ್ಟಿ ಕೆಳಗಿನ ಉದ್ದ ಕೊರಕಲಿನಾಗ ಜಾರ್ತದ, ಎರಡನೇದು ಕೊರದ ಅಕ್ಷರದಾಗ ಓಡ್ತದ, ಮೂರನೇದರ ಪೆನ್ನು ಕಾಗದದ ಮ್ಯಾಲ ಅದೇ ಅಕ್ಷರ ತೆಗೀತದ. ಪೆನ್ನಿನ ಇಂಕು ದಪ್ಪಾದ್ರ ಕಟ್ಕೋತದ, ತೆಳ್ಳಗಾದ್ರ ಹಬ್ಬತದ. ನಾಲೆ ನಕ್ಷಿ ಮ್ಯಾಲ ಊರ ಹೆಸರು ಬರೀಲಾಕ ಅರ್ಧ ಆಯುಷ್ಯ ಕಳದೀನಿ. ಸಂಜಿಕಿ ಓದಾಕ ಕುಂತ್ರ ಅಲ್ಲೂ ಅದೇ ಅಕ್ಷರ! ಆಫೀಸಿಗಿ ವಾಪಸ್ ಬಂದಂಗ ಆಯ್ತು. ಎದ್ದು ಹೋದೆ.

ಹಳೇ_ರದ್ದಿ
ಕಾಕಾ, ನಮಸ್ಕಾರ! ಬರೇ ಅಕ್ಷರ ನೋಡಿ ಹಿಡಿದ್ರಲ್ಲಾ. ಇಸಿದಾಗ ಲಿರಾಯ್ ಪಟ್ಟಿಲೇ ಅಕ್ಷರ ಬರಸ್ತಿದ್ರು. ಇನ್ನೊಂದು ಗಮ್ಮತ್ತು ಕೇಳ್ರಿ: ಅಲ್ಲಿ ಚಿತ್ರಕ್ಕಿಂತ ಮೊದಲು ಅಕ್ಷರ. ಫೆಲ್ಡ್‌ಸ್ಟೀನ್ ನೇರ ಚಿತ್ರದ ಹಾಳಿ ಮ್ಯಾಲೇ ಚೌಕ ಹೊಡದು ಮಾತು ಬರೀತಿದ್ದ, ಅದಕ್ಕ ಅಕ್ಷರ ತೆಗೆಸಿ ಆಮ್ಯಾಲ ಚಿತ್ರಕಾರಗ ಕೊಡ್ತಿದ್ರು. ಉಳದ ಜಾಗದಾಗ ಅವ ಹೆಣ ಕೂಡ್ರಸಬೇಕು. ತೊಗರಿ ಅವರು ‘ಅರ್ಧ ಚೌಕ ಅಕ್ಷರಾನೇ’ ಅಂದ್ರಲ್ಲ, ಅದರ ಕಾರಣ ಇದು.

ಅಷ್ಟು ಇಕ್ಕಟ್ಟಿನಾಗೂ ಗ್ರಹಾಂ ಇಂಗಲ್ಸ್ ನೋಡ್ರಿ. ‘ಘಾಸ್ಟ್ಲಿ’ ಅಂತಲೇ ಸಹಿ ಹಾಕ್ತಿದ್ದ. ಅವನ ಮುದುಕರ ಮ್ಯಾಲಿನ ತುಟಿಯಿಂದ ಕೆಳಗಿನ ತುಟಿಗಿ ಜೊಲ್ಲಿನ ಎಳಿ, ಕೊಳತ ಗೋಡಿ, ಕೆಸರು. ಜಾನಿ ಕ್ರೇಗ್ ಇದರ ಉಲ್ಟಾ: ಸ್ವಚ್ಛ ಕೋಣಿ, ಇಸ್ತ್ರಿ ಅಂಗಿ, ಅದಕ್ಕೇ ಹೆಚ್ಚು ಅಂಜಿಕಿ. ಬಣ್ಣ ಮಾರೀ ಸೆವೆರಿನ್ ಅಂತ ಹೆಣ್ಣುಮಗಳದು.

ಅಮಾಸಿ_ಟೀಚರ್
ಮಾತು ಮೊದಲು ಬಂದು ಚಿತ್ರ ಆಮ್ಯಾಲ ಬಂತು ಅಂದ್ರ, ಇದು ಗಟ್ಟಿಯಾಗಿ ಓದಾಕ ಹೇಳಿ ಮಾಡಿಸಿದಂಗ ಅದ. ಬೇತಾಳ ಅಣ್ಣ ಹೇಳಿದ್ದೇ ಬರಾಬರ್. ಚಿತ್ರ ಕಾಣಲಾರದ ಮನುಷ್ಯಾನೂ ಕೇಳಬಹುದು.

ತೊಗರಿ_ಕಣಜ
ಕಾಕಾ, ತಪ್ಪಾಯ್ತು. ನೀವು ಇಲ್ಲಿ ಇರ್ತೀರಿ ಅಂತ ಗೊತ್ತಿದ್ರ ಚಪ್ಪಲಿ ಮಾತು ಬರೀತಿರಲಿಲ್ಲ.

ಹಂಗಾದ್ರ ಈ ಐತ್ವಾರ ನೀವೇ ಓದ್ರಿ. ನಾನು ಮೊದಲೇ ಕನ್ನಡ ಮಾಡಿ ಬರದು ತರ್ತೀನಿ. ಕಡೀ ಪುಟಕ್ಕ ಅರಬಿ ಒಣಗಿಸೋ ಚಿಮಟಿ ಹಾಕ್ತೀನಿ, ಯಾರೂ ತೆಗಿಯಾಂಗಿಲ್ಲ. ಆ ‘ಕ್ರಿಪ್ಟ್ ಕೀಪರ್’ಗ ಕನ್ನಡದಾಗ ಏನನ್ನಬೇಕು?

ವಾಡಿ_ಜಂಕ್ಷನ್
ಗೋರಿ ಮುಜಾವರ!

ಹಫ್ತ್_ಗುಂಬಜ್
ಅದು ಬ್ಯಾಡ ಭಾಯಿ. ಮುಜಾವರ ಅಂದ್ರ ದರ್ಗಾದ ಸೇವಾ ಮಾಡೋರು. ಅವರ ಹೆಸರು ಈ ಜೊಲ್ಲು ಸುರಸೋನಿಗಿ ಹಚ್ಚಬ್ಯಾಡ್ರಿ. ಮೊನ್ನೆ ಯಾರೋ ಇನ್ನೊಂದು ಕಡೆ ‘ಹಫ್ತ್ ಗುಂಬಜದಾಗ ರಾತ್ರಿ ಕುಂತು ಓದಾಮ್’ ಅಂತಿದ್ರು. ಅದು ಫಿರೋಜ್ ಶಾ ಬಹಮನಿ ಮಲಗಿರೋ ಜಾಗ, ಸಿನಿಮಾ ಸೆಟ್ ಅಲ್ಲ.

ವಾಡಿ_ಜಂಕ್ಷನ್
ಮಾಫ್ ಮಾಡ್ರಿ ಭಾಯಿ, ಬಾಯಿಗಿ ಬಂದಂಗ ಅಂದೆ. ‘ಸುಡುಗಾಡ ಕಾಯೋನು’?

ಕಡೀ_ಬೆಂಚು
ಸುಡುಗಾಡ ಕಾಯೋನು ಅಂದ್ರ ಹರಿಶ್ಚಂದ್ರ. ಅವ ಸುಳ್ಳು ಕಥಿ ಹೇಳಂಗಿಲ್ಲ.

ಬೆನ್ನ_ಮ್ಯಾಲಿನ_ಬೇತಾಳ
ಹೆಸರು ಹಂಗೇ ಬಿಡ್ರಿ, ಕೀಪರ್ ಅಂತ. ಕೇಳೋರಿಗಿ ವಿಕೆಟ್ ಕೀಪರ್ ಗೊತ್ತದ, ಇವನೂ ಹಿಂದ ನಿಂತು ಕ್ಯಾಚ್ ಹಿಡಿಯೋನೇ.

ಸೇಡಂ_ರೋಡ್
ಕ್ರಿಕೆಟ್ ಅಂದ ಮ್ಯಾಲ ನೆನಪಾಯ್ತು. ಬೇಸ್‌ಬಾಲ್ ಕಥಿ ಒಂದು ಅದಂತಲ್ಲ, ಮೈಯಿನ ಭಾಗ ಇಟ್ಟು ಆಡೋದು?

ಹಳೇ_ರದ್ದಿ
‘ಫೌಲ್ ಪ್ಲೇ’. ಅದು ‘ಕ್ರಿಪ್ಟ್’ದಾಗ ಅಲ್ಲ, ತಂಗಿ ಪತ್ರಿಕಿ ‘ಹಾಂಟ್ ಆಫ್ ಫಿಯರ್’ 19ರಾಗ, 1953. ವರ್ಥಮ್ ತನ್ನ ಪುಸ್ತಕದಾಗ ಅದರ ಚಿತ್ರ ಎತ್ತಿ ಹಾಕಿದ್ದ. ಕನ್ನಡಕ್ಕ ಮಾಡೋ ಮುಂದ ಕ್ರಿಕೆಟ್ ಮಾಡಬ್ಯಾಡ್ರಿ ಮತ್ತ. ಅಲ್ಲಿ ನಾಲ್ಕು ಬೇಸ್ ಬೇಕೇ ಬೇಕು, ಕ್ರಿಕೆಟಿನಾಗ ಲೆಕ್ಕ ತಪ್ಪತದ.

ವಾಡಿ_ಜಂಕ್ಷನ್
ಸ್ಟಂಪ್ಸ್ ಮೂರು ಅವಲ್ಲ, ಕೈ ಕಾಲು ಹೊಂದಿಸಿದ್ರಾಯ್ತು.

ಅಮಾಸಿ_ಟೀಚರ್
ನಾ ಈಗ ಊಟಕ್ಕ ಕುಂತೀನ್ರಿ. ಗಪ್ ಇರ್ರಿ.

ತೊಗರಿ_ಕಣಜ
ಈ ಸಲ ಸಣ್ಣದು ಆರಿಸೀನಿ. 33ನೇ ಸಂಚಿಕಿದು ‘ಲೋವರ್ ಬರ್ತ್’, ಕೀಪರ್‌ನ ಹುಟ್ಟಿನ ಕಥಿ. ಇಂಗ್ಲಿಷಿನಾಗ ಮಲಗೋ ಬರ್ತಿಗೂ ಹುಟ್ಟೋ ಬರ್ತಿಗೂ ಅಕ್ಷರ ಬ್ಯಾರೆ, ಜೋಕು ಅಲ್ಲೇ ಅದ. ಕನ್ನಡದಾಗ ಬರದ್ರ ಎರಡೂ ಒಂದೇ ‘ಬರ್ತ್’! ತರ್ಜುಮಿ ಮಾಡೋದೇ ಬ್ಯಾಡ. ವಾಡಿ ಅವ್ರೆ, ನಿಮ್ಮ ರೈಲ್ವೆ ಕಥಿ ಅಂತ ತಿಳ್ಕೊಂಡು 46 ಡಿಗ್ರಿ ಬಿಸಿಲಿನಾಗ ಓಡಿ ಬರಬ್ಯಾಡ್ರಿ, ರೈಲು ಅದರಾಗ ಇಲ್ಲ.

ವಾಡಿ_ಜಂಕ್ಷನ್
ಹಾಂ ಅದು ಗೊತ್ತು! ಅದರಾಗ ಆ ಜಾತ್ರಿ ಡೇರೆದಾಗ ಎರಡು ತಲೀದು ಹೆಣ ಮತ್ತ ಆ ಈಜಿಪ್ಟಿಂದು

ಕಡೀ_ಬೆಂಚು
ಏ ಏ ಏ

ಬೆನ್ನ_ಮ್ಯಾಲಿನ_ಬೇತಾಳ
ಇವನ ಬಾಯಿಗೊಂದು ಚಿಮಟಿ ಹಾಕ್ರಿ ಮೊದಲು.

ಟೀ_ಸ್ಕ್ವೇರ್
ಓದ್ತೀನಿ. ಆದ್ರ ಒಂದು ಕೇಳಬೇಕಿತ್ತು. ಅವ ಇಂಗ್ಲಿಷಿನಾಗ ನಗ್ತಾನಲ್ಲ, ಅದನ್ನ ಕನ್ನಡದಾಗ ಹ್ಯಾಂಗ ಬರೀಬೇಕು? ಹಿ ಹಿ ಅಂದ್ರ ಹುಡುಗಿ ನಕ್ಕಂಗ. ಹ ಹ ಅಂದ್ರ ರಾವಣ.

ಮಲ್ಲೇಶ್ವರಂ_ಮೂರನೇ_ಕ್ರಾಸ್
ಹೆಹ್ಹೆಹ್ಹೆ?

ಸೇಡಂ_ರೋಡ್
ಅದು ಸಾಲ ಕೊಟ್ಟವರು ಮನಿಗಿ ಬಂದಾಗ ನಾವು ನಗೋದು.

ತೊಗರಿ_ಕಣಜ (ಎಂಟು ದಿನದ ಮ್ಯಾಲ)
ವರದಿ ಒಪ್ಪಸ್ತೀನಿ.

ಒಂಬತ್ತು ಮಂದಿ ಬಂದಿದ್ರು. ಸೂರ್ಯ ಮುಳುಗಿದ ಮ್ಯಾಲೂ ಮಾಳಗಿ ಕಲ್ಲು ಸುಡ್ತಿತ್ತು, ನೀರು ಹೊಡದು ಚಾಪಿ ಹಾಸಿದ್ವಿ. ಮಿರ್ಚಿ, ಸೂಸಲಾ, ಚಹಾ. ಕಾಕಾ ಕನ್ನಡಕ ಏರಿಸಿ, ಹಾಳಿ ಹಿಡಿದು, ಟೆಂಡರ್ ನೋಟಿಸ್ ಓದಿದಂಗ ಓದಾಕ ಹತ್ತಿದ್ರು. ಒಂದು ಏರಿಳಿತ ಇಲ್ಲ. ನಾ ಮನಸಿನಾಗ ‘ಹೋಯ್ತು ಇದು’ ಅಂದ್ಕೊಂಡೆ. ಆದ್ರ ಎರಡನೇ ಪುಟಕ್ಕ ಎಲ್ಲರೂ ಮುಂದ ಬಾಗಿದ್ರು. ಆ ಸಪಾಟ ದನಿದಾಗ ಹೆಣದ ಸುದ್ದಿ ಕೇಳೋದು ಬ್ಯಾರೇನೇ ಆಗಿತ್ತು, ತಾಲೂಕಾಫೀಸಿನಾಗ ದೆವ್ವದ ಫೈಲ್ ತೆರದಂಗ.

ಸುಮ್ಕ ಕುಂದ್ರತಿದ್ದ ಅಕ್ಕೋರು ಒಬ್ಬರು ನಡುವ ಕೈ ಎತ್ತಿ ‘ನಿಲ್ಲಸ್ರಿ, ಜಾತ್ರಿದಾಗಿನ ಈ ಎರಡೂ ಹೆಣ ಓಡಿ ಹೋಗಿ ಲಗ್ನ ಆಗ್ತಾವ ನೋಡ್ರಿ’ ಅಂದ್ರು. ಚಿಮಟಿ ಹಾಕಿದ್ದೇ ದಂಡ. ಹ್ಯಾಂಗ ಗೊತ್ತಾಯ್ತು ಅಂದ್ರ, ‘ನಮ್ಮೂರ ಜಾತ್ರಿದಾಗ ಎದುರು ಬದುರು ಅಂಗಡಿ ಹಾಕಿದವರು ಹಿಂಗೇ ಮಾಡಿದ್ರು’ ಅಂದ್ರು. ಅರ್ಧ ತಾಸು ಆ ಲಗ್ನದ ಕಥಿನೇ ನಡೀತು, ಕಾಮಿಕ್ಸ್ ಬದಿಗಿ ಇತ್ತು. ಟೀಚರ್ ಕೇಳಿದ್ದ ಪ್ರಶ್ನಿ ನಾನೂ ಕೇಳಿದೆ. ‘ಇಂಗ್ಲಿಷಿಗಲ್ಲಪಾ, ಪ್ರತಿ ಸಲ ಹೆಂಗಸು ಸಾಯೋದು ನೋಡಿ ಬ್ಯಾಸರಾಗಿತ್ತು’ ಅಂದ್ರು. ಇನ್ನೊಬ್ಬ ಅಕ್ಕೋರು ‘ನನಗ ಇಂಗ್ಲಿಷಿಗೇ’ ಅಂದ್ರು.

ಮುಂದಿನ ಸಲ ಆ ಕಟುಕನ ಕಥಿ. ಆರಸಿದ್ದು ಅಕ್ಕೋರೇ.

ಅಮಾಸಿ_ಟೀಚರ್
ಆ ಅಕ್ಕೋರಿಗಿ ನನ್ನ ಶರಣು ಹೇಳ್ರಿ. ಯಾದಗಿರಿಯಿಂದ ಐತ್ವಾರ ಸಂಜಿ ರೈಲಿಗಿ ಬಂದ್ರ ರಾತ್ರಿ ವಾಪಸ್ ಆಗಬಹುದೇನು?

ವಾಡಿ_ಜಂಕ್ಷನ್
ಆಗ್ತದ ಟೀಚರ್, ನಾ ಟೈಮ್ ನೋಡಿ ಹೇಳ್ತೀನಿ. ಬರ್ತ್ ಸಿಗೋದು ಗ್ಯಾರಂಟಿ ಇಲ್ಲ.

ಹಳೇ_ರದ್ದಿ
ನಗು ಹ್ಯಾಂಗ ಓದಿದ್ರಿ ಕಾಕಾ, ಅದು ಹೇಳಲೇ ಇಲ್ಲ?

ಟೀ_ಸ್ಕ್ವೇರ್
ನಗಲಿಲ್ಲ. ಹಾಳಿದಾಗ ‘(ಇಲ್ಲಿ ನಗು)’ ಅಂತ ತೊಗರಿ ಬರದಿದ್ದ. ಹಂಗೇ ಓದಿದೆ.

ಕಡೀ_ಬೆಂಚು
‘ಇಲ್ಲಿ ನಗು’ ಅಂತಲೇ ಓದಿದ್ರಾ?!

ಟೀ_ಸ್ಕ್ವೇರ್
ಹೂಂ. ಕಂಸ ತೆರೆಯಿತು, ಇಲ್ಲಿ ನಗು, ಕಂಸ ಮುಚ್ಚಿತು. ಆಗ ಎಲ್ಲರೂ ನಕ್ಕರು.